ಫಿಶ್ ಫೈಂಡರ್ ಸರಿಯಾಗಿ ಕೆಲಸ ಮಾಡದಿದ್ದಾಗ: ಕೊಡಗಿನಲ್ಲಿ ಗಾಳ ಹಾಕುವವರು ಪದೇ ಪದೇ ಕೇಳುವ ಪ್ರಶ್ನೆಗಳು

ತೋಟದ ಕೆರೆಯಲ್ಲಿ, ಜಲಾಶಯದ ಹಿನ್ನೀರಿನಲ್ಲಿ, ಕಾವೇರಿಯ ಮಡುಗಳಲ್ಲಿ ಅನುಮತಿ ಪಡೆದು ಗಾಳ ಹಾಕುವ ಅನೇಕರ ಕೈಗೆ ಈಗ ಫಿಶ್ ಫೈಂಡರ್, ಅಂದರೆ ನೀರಿನ ಆಳವನ್ನೂ ಮೀನನ್ನೂ ಶಬ್ದದಿಂದ ಪತ್ತೆಹಚ್ಚಿ ಪರದೆಯ ಮೇಲೆ ತೋರಿಸುವ ಯಂತ್ರ, ಬಂದಿದೆ. ಕೆಟ್ಟಿದೆ ಎಂದು ನನಗೆ ತೋರಿಸಲು ತಂದ ಯಂತ್ರಗಳಲ್ಲಿ ಹೆಚ್ಚಿನವು ನಿಜವಾಗಿ ಕೆಟ್ಟಿರಲಿಲ್ಲ. ಒಂದೋ ಅವುಗಳಿಗೆ ವಿದ್ಯುತ್ ಸರಿಯಾಗಿ ತಲುಪುತ್ತಿರಲಿಲ್ಲ, ಇಲ್ಲವೇ ನೀರಿಗೆ ಶಬ್ದ ಕಳಿಸಿ ಮರಳಿ ಪಡೆಯುವ ಭಾಗವಾದ ಟ್ರಾನ್ಸ್‌ಡ್ಯೂಸರ್ ನೀರನ್ನು ಸರಿಯಾಗಿ ಮುಟ್ಟುತ್ತಿರಲಿಲ್ಲ, ಅದೂ ಅಲ್ಲದಿದ್ದರೆ ಪರದೆ ತೋರಿಸುತ್ತಿದ್ದುದನ್ನು ನಾವು ತಪ್ಪಾಗಿ ಓದುತ್ತಿದ್ದೆವು. ಮುಂದಿನ ಉತ್ತರಗಳೂ ಸರಿಸುಮಾರು ಅದೇ ಕ್ರಮದಲ್ಲಿವೆ.

ದೋಷ ಹುಡುಕುವ ಮೊದಲು ಯಂತ್ರದ ಬಗ್ಗೆ ಏನನ್ನು ತಿಳಿದಿರಬೇಕು?

ಟ್ರಾನ್ಸ್‌ಡ್ಯೂಸರಿನ ಒಳಗಿರುವ ಪೀಜೋ ಹರಳು ವಿದ್ಯುತ್ತಿನ ಮಿಡಿತವನ್ನು ನಮ್ಮ ಕಿವಿಗೆ ಕೇಳಿಸದ ಶಬ್ದವನ್ನಾಗಿ ಬದಲಿಸಿ ನೀರಿಗೆ ಬಿಡುತ್ತದೆ. ಆ ಶಬ್ದ ತಳಕ್ಕೋ ಮೀನಿಗೋ ಬಡಿದು ಮರಳಿದಾಗ ಅದೇ ಹರಳು ಅದನ್ನು ಮತ್ತೆ ವಿದ್ಯುತ್ತನ್ನಾಗಿ ಮಾಡುತ್ತದೆ, ಮತ್ತು ಹೋಗಿಬರಲು ಹಿಡಿದ ಸಮಯದಿಂದ ಯಂತ್ರವು ಆಳವನ್ನು ಲೆಕ್ಕ ಹಾಕುತ್ತದೆ. 20 ಡಿಗ್ರಿ ಸೆಲ್ಸಿಯಸ್‌ನ ಸಿಹಿನೀರಿನಲ್ಲಿ ಶಬ್ದ ಸೆಕೆಂಡಿಗೆ ಸುಮಾರು 1480 ಮೀಟರ್ ಸಾಗುವುದರಿಂದ, 10 ಮೀಟರ್ ಆಳದ ತಳದಿಂದ ಪ್ರತಿಧ್ವನಿ ಮರಳಲು ಸೆಕೆಂಡಿನ 74ನೇ ಒಂದು ಪಾಲು ಸಾಕು.

ಇದರಲ್ಲಿ ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕಾದದ್ದು ಗಾಳಿಯ ವಿಚಾರ. ನೀರು ಮತ್ತು ಗಾಳಿ ಸೇರುವಲ್ಲಿ ಶಬ್ದ ಮುಂದೆ ಹೋಗದೆ ಬಹುಪಾಲು ಹಿಂತಿರುಗುತ್ತದೆ. ಮೀನಿನ ಮೈ ಹೆಚ್ಚುಕಡಿಮೆ ನೀರಿನಂತೆಯೇ ಇದ್ದರೂ ಅದು ಪರದೆಯ ಮೇಲೆ ಕಾಣಿಸುವುದು ಬಹುಮಟ್ಟಿಗೆ ಅದರ ಹೊಟ್ಟೆಯೊಳಗಿನ ಗಾಳಿಚೀಲದಿಂದಾಗಿ. ಇದೇ ಕಾರಣಕ್ಕೆ ಟ್ರಾನ್ಸ್‌ಡ್ಯೂಸರಿನ ಮುಖದ ಮೇಲೆ ಗಾಳಿಯ ತೆಳುವಾದ ಪದರವೊಂದು ನಿಂತರೂ ಯಂತ್ರ ಕುರುಡಾಗುತ್ತದೆ. ಮುಂದೆ ಹೇಳುವ ತೊಂದರೆಗಳಲ್ಲಿ ಅರ್ಧದಷ್ಟು ಈ ಒಂದು ಸಂಗತಿಯಿಂದಲೇ ಹುಟ್ಟುತ್ತವೆ.

ಬಟನ್ ಒತ್ತಿದರೂ ಪರದೆ ಬೆಳಗುವುದಿಲ್ಲ. ಯಂತ್ರ ಸತ್ತುಹೋಗಿದೆಯೇ?

ಹಾಗೆ ತೀರ್ಮಾನಿಸುವ ಮೊದಲು ಒಂದು ಮಲ್ಟಿಮೀಟರ್ ತೆಗೆದುಕೊಳ್ಳಿ. 12 ವೋಲ್ಟ್‌ನ ಸೀಸದ ಬ್ಯಾಟರಿ ಪೂರ್ತಿ ಚಾರ್ಜ್ ಆಗಿ, ಕೆಲವು ಗಂಟೆ ವಿಶ್ರಾಂತಿಯಲ್ಲಿದ್ದಾಗ 12.6 ವೋಲ್ಟ್ ಅಥವಾ ಅದಕ್ಕಿಂತ ತುಸು ಹೆಚ್ಚು ತೋರಿಸಬೇಕು. ಅದು 12 ವೋಲ್ಟ್‌ಗೆ ಇಳಿದಿದ್ದರೆ ಬ್ಯಾಟರಿ ಬಹುತೇಕ ಖಾಲಿಯಾಗಿದೆ ಎಂದೇ ತಿಳಿಯಬೇಕು. ಬ್ಯಾಟರಿಯ ತುದಿಯಲ್ಲಿ ಅಳೆದು ಸುಮ್ಮನಾಗದೆ, ಯಂತ್ರದ ಹಿಂಬದಿಗೆ ಸಿಕ್ಕಿಸುವ ಕನೆಕ್ಟರಿನ ಪಿನ್‌ಗಳಲ್ಲಿಯೂ ಅಳೆಯಿರಿ. ಬ್ಯಾಟರಿಯಲ್ಲಿ 12.6 ಇದ್ದು ಕನೆಕ್ಟರಿನಲ್ಲಿ ಏನೂ ಬರದಿದ್ದರೆ ಅಥವಾ ತೀರಾ ಕಡಿಮೆ ಬಂದರೆ ತಪ್ಪು ನಡುವಿನ ದಾರಿಯಲ್ಲಿದೆ: ಫ್ಯೂಸ್ ಸುಟ್ಟಿರಬಹುದು, ವೈರು ಒಳಗೊಳಗೇ ತುಂಡಾಗಿರಬಹುದು. ಮೀಟರ್ ಮೈನಸ್ ಚಿಹ್ನೆಯೊಂದಿಗೆ ಸಂಖ್ಯೆ ತೋರಿಸಿದರೆ ಪ್ಲಸ್ ಮತ್ತು ಮೈನಸ್ ಅದಲುಬದಲಾಗಿವೆ.

ನಮ್ಮ ಜಿಲ್ಲೆಯಲ್ಲಿ ಇನ್ನೊಂದು ಕಾರಣವನ್ನು ಎಲ್ಲಕ್ಕಿಂತ ಮೊದಲು ನೋಡಬೇಕು, ಅದು ಕಿಲುಬು. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ತೇವದಲ್ಲಿ ತಾಮ್ರ ಮತ್ತು ಹಿತ್ತಾಳೆಯ ಭಾಗಗಳ ಮೇಲೆ ಹಸಿರು ಪುಡಿ ಕಟ್ಟಿಕೊಳ್ಳುತ್ತದೆ ಮತ್ತು ಅದು ವಿದ್ಯುತ್ತನ್ನು ತಡೆಯುತ್ತದೆ. ನನ್ನದೇ ಯಂತ್ರ ಒಮ್ಮೆ ಹೀಗೆ ನಿಂತಾಗ ನಾನು ಅದನ್ನು ಊರಿನಿಂದ ಹೊರಗೆ ರಿಪೇರಿಗೆ ಕಳುಹಿಸಿ ಮೂರು ವಾರ ಕಾದೆ. ದೋಷವಿಲ್ಲವೆಂದು ಅದು ಮರಳಿ ಬಂದ ಮೇಲೆ ನೋಡಿದರೆ, ಫ್ಯೂಸ್ ಹೋಲ್ಡರಿನ ಒಳಗಿನ ಸ್ಪ್ರಿಂಗಿಗೆ ಕಿಲುಬು ಹಿಡಿದಿತ್ತು; ಫ್ಯೂಸ್ ಮಾತ್ರ ಹೊಸದರಂತೆ ಹೊಳೆಯುತ್ತಿತ್ತು. ಆದ್ದರಿಂದ ಫ್ಯೂಸನ್ನು ಕಣ್ಣಿನಿಂದ ನೋಡಿದರೆ ಸಾಲದು, ಹೋಲ್ಡರನ್ನೂ ಬಿಚ್ಚಿ ನೋಡಬೇಕು. ಕಿಲುಬನ್ನು ಐಸೋಪ್ರೊಪೈಲ್ ಆಲ್ಕೋಹಾಲ್ ಅಥವಾ ಕಾಂಟ್ಯಾಕ್ಟ್ ಕ್ಲೀನರ್ ಹಾಕಿ ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿ ತೆಗೆಯಬಹುದು. ಚಾಕುವಿನಿಂದ ಕೆರೆದರೆ ಪಿನ್ ಮೇಲಿನ ಲೇಪನ ಹೋಗಿ ಮುಂದಿನ ಮಳೆಗಾಲದಲ್ಲಿ ಕಿಲುಬು ಇನ್ನೂ ಬೇಗ ಹಿಡಿಯುತ್ತದೆ. ಸುಟ್ಟ ಫ್ಯೂಸಿನ ಜಾಗಕ್ಕೆ ಕೈಪಿಡಿಯಲ್ಲಿ ಹೇಳಿದಷ್ಟೇ ಆಂಪಿಯರಿನ ಫ್ಯೂಸ್ ಹಾಕಬೇಕೇ ಹೊರತು, ತಾಮ್ರದ ಎಳೆ ಸುತ್ತಿ ಕೆಲಸ ಸಾಗಿಸಬಾರದು.

ಆನ್ ಆಗುತ್ತದೆ, ಆದರೆ ದೋಣಿಯ ಮೋಟಾರ್ ಚಾಲೂ ಮಾಡಿದೊಡನೆ ಆರಿಹೋಗುತ್ತದೆ. ಏಕೆ?

ಮೋಟಾರ್ ಎಳೆಯುವ ಹೆಚ್ಚಿನ ಕರೆಂಟಿನಿಂದ ಬ್ಯಾಟರಿಯ ವೋಲ್ಟೇಜ್ ಕ್ಷಣಕಾಲ ಕುಸಿಯುತ್ತದೆ, ಮತ್ತು ಹೆಚ್ಚಿನ ಯಂತ್ರಗಳು 10 ವೋಲ್ಟಿನ ಆಸುಪಾಸಿಗೆ ಇಳಿದರೆ ತಾವಾಗಿಯೇ ನಿಲ್ಲುತ್ತವೆ. ಫಿಶ್ ಫೈಂಡರಿಗೆ ಪ್ರತ್ಯೇಕವಾದ ಸಣ್ಣ ಬ್ಯಾಟರಿ ಇಡುವುದೇ ಇದಕ್ಕೆ ಸರಿಯಾದ ಪರಿಹಾರ. ತೆಳುವಾದ ವೈರನ್ನು ಉದ್ದಕ್ಕೆ ಜೋಡಿಸಿದ್ದರೂ ಹೀಗೆಯೇ ಆಗುತ್ತದೆ. ಲಿಥಿಯಂ ಬ್ಯಾಟರಿಗೆ ಬದಲಾಯಿಸುವವರು ಅದರ ಪೂರ್ಣ ಚಾರ್ಜಿನ ವೋಲ್ಟೇಜ್ ನಿಮ್ಮ ಯಂತ್ರದ ಮಿತಿಯೊಳಗೆ ಇದೆಯೇ ಎಂಬುದನ್ನು ಕೈಪಿಡಿಯಲ್ಲಿ ನೋಡಿಕೊಂಡ ನಂತರವೇ ಜೋಡಿಸಬೇಕು.

ಪರದೆ ಬೆಳಗುತ್ತದೆ, ಆದರೆ ಆಳದ ಸಂಖ್ಯೆ ಬರುವುದಿಲ್ಲ ಅಥವಾ ಮಿನುಗುತ್ತಲೇ ಇರುತ್ತದೆ.

ಸಂಖ್ಯೆ ಮಿನುಗುತ್ತಿದ್ದರೆ ಯಂತ್ರಕ್ಕೆ ತಳದ ಪ್ರತಿಧ್ವನಿ ಸಿಗುತ್ತಿಲ್ಲ ಎಂದರ್ಥ. ಮೊದಲು ಟ್ರಾನ್ಸ್‌ಡ್ಯೂಸರಿನ ಕನೆಕ್ಟರನ್ನು ತೆಗೆದು, ಪಿನ್‌ಗಳು ಬಾಗಿವೆಯೇ ಎಂದು ನೋಡಿ, ಮತ್ತೆ ಕೊನೆಯವರೆಗೆ ತಳ್ಳಿ ಸಿಕ್ಕಿಸಿ. ಆನಂತರ ಟ್ರಾನ್ಸ್‌ಡ್ಯೂಸರಿನ ಮುಖವನ್ನು ಪಾತ್ರೆ ತೊಳೆಯುವ ಸೋಪಿನ ನೀರಿನಲ್ಲಿ ಮೆತ್ತಗಿನ ಬಟ್ಟೆಯಿಂದ ತೊಳೆಯಿರಿ. ಹೊಸ ಟ್ರಾನ್ಸ್‌ಡ್ಯೂಸರಿನ ಪ್ಲಾಸ್ಟಿಕ್, ಕೆಸುವಿನ ಎಲೆಯಂತೆ, ನೀರನ್ನು ತನ್ನ ಮೈಗೆ ಅಂಟಿಸಿಕೊಳ್ಳುವುದಿಲ್ಲವಾದ್ದರಿಂದ ಮುಳುಗಿಸಿದ ಮೇಲೂ ಸಣ್ಣ ಗುಳ್ಳೆಗಳು ಅಲ್ಲೇ ನಿಲ್ಲುತ್ತವೆ; ಸೋಪು ಮೇಲಿನ ಜಿಡ್ಡನ್ನು ತೆಗೆಯುತ್ತದೆ. ಕೆರೆಯಲ್ಲಿ ಬಹುಕಾಲ ಬಿಟ್ಟಿದ್ದರೆ ಪಾಚಿ ಹಿಡಿದಿರುತ್ತದೆ, ಅದಕ್ಕೂ ಸೋಪಿನ ನೀರೇ ಸಾಕು. ಪೆಟ್ರೋಲ್, ಥಿನ್ನರ್ ಅಥವಾ ಅಸಿಟೋನ್ ತಾಗಿಸಿದರೆ ಪ್ಲಾಸ್ಟಿಕ್ ಹಾಳಾಗುತ್ತದೆ.

ವಿಚಿತ್ರವೆನಿಸಬಹುದಾದರೂ ನಾನು ಕಂಡಿರುವ ಇನ್ನೊಂದು ಕಾರಣ ಡೆಮೋ ವಿಧಾನ. ಅಂಗಡಿಯಲ್ಲಿ ತೋರಿಸಲೆಂದು ಇರುವ ಈ ವಿಧಾನದಲ್ಲಿ ಯಂತ್ರವು ನೀರೇ ಇಲ್ಲದ ಜಾಗದಲ್ಲೂ ಸೊಗಸಾದ ತಳವನ್ನೂ ಮೀನುಗಳನ್ನೂ ತೋರಿಸುತ್ತದೆ. ಹೀಗಾಗಿ, ಮನೆಯ ಅಂಗಳದಲ್ಲಿ ಚೆನ್ನಾಗಿದ್ದದ್ದು ಕೆರೆಯಲ್ಲಿ ಕೆಲಸ ಮಾಡುವುದಿಲ್ಲ ಎನ್ನುವವರು ಮೊದಲು ಆ ವಿಧಾನದಿಂದ ಹೊರಬಂದು ನೋಡಬೇಕು.

ಇವೆಲ್ಲ ಸರಿಯಿದ್ದರೆ ಕೇಬಲನ್ನು ಬೆರಳಿನಿಂದ ಉದ್ದಕ್ಕೂ ತಡವಿ ಪರೀಕ್ಷಿಸಿ. ಇಲಿ ಕಡಿದ ಗುರುತು, ಮಡಿಚಿದ ಜಾಗ, ದೋಣಿಯ ಅಂಚಿಗೆ ಸಿಕ್ಕಿ ಜಜ್ಜಿದ ಜಾಗ, ಇವು ಕೈಗೆ ಬೇಗ ಸಿಗುತ್ತವೆ. ಟ್ರಾನ್ಸ್‌ಡ್ಯೂಸರಿನ ಕೇಬಲನ್ನು ಕತ್ತರಿಸಿ ಸಾಮಾನ್ಯ ವೈರಿನಂತೆ ಗಂಟು ಹಾಕಿ ಟೇಪ್ ಸುತ್ತಬೇಡಿ, ಏಕೆಂದರೆ ಅತಿ ಕ್ಷೀಣವಾದ ಪ್ರತಿಧ್ವನಿಯನ್ನು ಹೊರಗಿನ ಗದ್ದಲದಿಂದ ಕಾಪಾಡುವುದೇ ಅದರ ಸುತ್ತಲಿನ ಲೋಹದ ಹೆಣಿಗೆ. ನಿಮ್ಮ ಪರಿಚಯದವರ ಬಳಿ ಅದೇ ಮಾದರಿಯ ಯಂತ್ರವಿದ್ದರೆ ಅವರ ಟ್ರಾನ್ಸ್‌ಡ್ಯೂಸರನ್ನು ನಿಮ್ಮದಕ್ಕೆ ಜೋಡಿಸಿ ನೋಡುವುದಕ್ಕಿಂತ ಖಚಿತವಾದ ಪರೀಕ್ಷೆ ಬೇರೊಂದಿಲ್ಲ.

ತೆಪ್ಪದಲ್ಲಿ ಟ್ರಾನ್ಸ್‌ಡ್ಯೂಸರನ್ನು ಒಳಗೆ, ತಳದ ಮೇಲೆ ಇಟ್ಟರೆ ಆಗುವುದಿಲ್ಲವೇ?

ಆಗುವುದಿಲ್ಲ. ದೋಣಿಯ ಒಳಗಿಟ್ಟು ಶಬ್ದ ಕಳಿಸುವ ಕ್ರಮ ನಡೆಯುವುದು ಗಟ್ಟಿಯಾದ, ಒಂದೇ ಪದರದ ಫೈಬರ್ ಗ್ಲಾಸ್ ತಳದಲ್ಲಿ ಮಾತ್ರ. ಬಿದಿರಿನ ಹೆಣಿಗೆಗೆ ಹಾಳೆ ಹೊದಿಸಿ ಟಾರು ಬಳಿದ ತೆಪ್ಪದ ತಳದಲ್ಲಿ ಸಂದುಸಂದಿನಲ್ಲೂ ಗಾಳಿ ಇರುವುದರಿಂದ ಶಬ್ದ ಅಲ್ಲಿಯೇ ನಿಂತುಬಿಡುತ್ತದೆ. ಮರದ ದೋಣಿಯಲ್ಲೂ ಇದೇ ಕಥೆ. ಒಂದು ಗಟ್ಟಿಯಾದ ಬಿದಿರಿನ ಕೋಲಿಗೆ ಟ್ರಾನ್ಸ್‌ಡ್ಯೂಸರನ್ನು ಬಿಗಿದು, ಕೋಲನ್ನು ತೆಪ್ಪದ ಅಂಚಿಗೆ ಎರಡು ಕಡೆ ಕಟ್ಟಿ, ಮುಖವು ನೀರಿನ ಮಟ್ಟಕ್ಕಿಂತ ಗೇಣಿನಷ್ಟು ಕೆಳಗೆ ನೇರವಾಗಿ ತಳವನ್ನು ನೋಡುವಂತೆ ನಿಲ್ಲಿಸಿ. ಕೋಲು ಓರೆಯಾದರೆ ಶಬ್ದವೂ ಓರೆಯಾಗಿ ಹೋಗಿ, ತಳ ಇರುವುದಕ್ಕಿಂತ ಹೆಚ್ಚು ಆಳವಾಗಿ ಕಾಣಿಸುತ್ತದೆ. ತೆಪ್ಪ ಸುತ್ತುತ್ತಿರುವಾಗ ಬರುವ ಚಿತ್ರವನ್ನು ನಂಬಬೇಡಿ, ಹುಟ್ಟು ಹಾಕುವವರಿಗೆ ಹೇಳಿ ಅದನ್ನು ಒಂದೇ ದಿಕ್ಕಿಗೆ ನಿಧಾನವಾಗಿ ನಡೆಸಬೇಕು.

ದೋಣಿ ವೇಗ ಪಡೆದಾಗ ಮಾತ್ರ ತಳದ ಗೆರೆ ಕಡಿದುಹೋಗುತ್ತದೆ.

ಟ್ರಾನ್ಸ್‌ಡ್ಯೂಸರಿನ ಕೆಳಗೆ ಗುಳ್ಳೆಗಳು ಹರಿಯುತ್ತಿವೆ. ಅದನ್ನು ಪ್ರೊಪೆಲರಿನಿಂದಲೂ ತಳದ ಏಣುಗಳಿಂದಲೂ ದೂರಕ್ಕೆ ಸರಿಸಿ, ದೋಣಿಯ ತಳಕ್ಕಿಂತ ಕೂದಲೆಳೆಯಷ್ಟಲ್ಲ, ಕೆಲವು ಮಿಲಿಮೀಟರ್ ಕೆಳಗೆ ಇರುವಂತೆ ಹೊಂದಿಸಿ. ಒಂದೊಂದೇ ಬದಲಾವಣೆ ಮಾಡಿ ನೀರಿಗಿಳಿದು ನೋಡುವ ತಾಳ್ಮೆ ಇಲ್ಲಿ ಬೇಕು.

ತೋರಿಸುವ ಆಳ ತಪ್ಪಾಗಿದೆ ಎಂಬ ಅನುಮಾನವಿದೆ. ಹೇಗೆ ಪರೀಕ್ಷಿಸುವುದು?

ಹಗ್ಗಕ್ಕೆ ಸೀಸದ ಗುಂಡು ಕಟ್ಟಿ, ಅಡಿಗೊಂದರಂತೆ ಗಂಟು ಹಾಕಿ ಇಳಿಸಿ ಅಳೆಯಿರಿ. ಹಗ್ಗದ ಅಳತೆಗೂ ಯಂತ್ರದ ಅಳತೆಗೂ ನಡುವಿನ ವ್ಯತ್ಯಾಸ ಎಲ್ಲ ಜಾಗದಲ್ಲೂ ಒಂದೇ ಆಗಿದ್ದರೆ, ಅದು ಟ್ರಾನ್ಸ್‌ಡ್ಯೂಸರ್ ನೀರಿನಲ್ಲಿ ಎಷ್ಟು ಕೆಳಗಿದೆ ಎಂಬುದಕ್ಕೆ ಸಂಬಂಧಿಸಿದ್ದು, ಸೆಟ್ಟಿಂಗಿನಲ್ಲಿ ಸರಿಪಡಿಸಬಹುದು. ಯಂತ್ರದ ಅಳತೆ ಹಗ್ಗದ ಅಳತೆಯ ಮೂರನೇ ಒಂದು ಪಾಲಿನಷ್ಟೇ ಇದ್ದರೆ ಅದು ಮೀಟರಿನಲ್ಲಿ ತೋರಿಸುತ್ತಿದೆ, ಆರನೇ ಒಂದು ಪಾಲಾದರೆ ಆರು ಅಡಿಯ ಅಳತೆಯಾದ ಫ್ಯಾದಮ್‌ನಲ್ಲಿ. ಸರಿಯಾಗಿ ಇಮ್ಮಡಿ ಬಂದರೆ, ಶಬ್ದವು ತಳಕ್ಕೆ ಬಡಿದು ನೀರಿನ ಮೇಲ್ಮೈಗೆ ಬಂದು ಮತ್ತೊಮ್ಮೆ ತಳಕ್ಕೆ ಹೋಗಿ ಬಂದಿದೆ. ಬಂಡೆಯಂಥ ಗಟ್ಟಿ ತಳವಿರುವ, ಆಳ ಕಡಿಮೆಯಿರುವ ಕಡೆ ಇದು ಸಾಮಾನ್ಯ. ಆಳದ ಮಿತಿಯನ್ನು ಆಟೋದಿಂದ ಮ್ಯಾನ್ಯುಯಲ್‌ಗೆ ಬದಲಿಸಿ, ಸೆನ್ಸಿಟಿವಿಟಿಯನ್ನು (ಎಷ್ಟು ಕ್ಷೀಣವಾದ ಪ್ರತಿಧ್ವನಿಯನ್ನೂ ತೋರಿಸಬೇಕೆಂಬ ಮಟ್ಟವನ್ನು) ತುಸು ತಗ್ಗಿಸಿದರೆ ಸರಿಹೋಗುತ್ತದೆ. ನೀರಿನ ಬಗೆಯನ್ನು ಸಿಹಿನೀರು ಎಂದೇ ಇಡಬೇಕು. ಸಮುದ್ರದ ನೀರಿನಲ್ಲಿ ಶಬ್ದದ ವೇಗ ಹೆಚ್ಚಾದ್ದರಿಂದ ಆ ಸೆಟ್ಟಿಂಗಿನಲ್ಲಿ ನೂರಕ್ಕೆ ಎರಡು ಮೂರರಷ್ಟು ತಪ್ಪು ಬರುತ್ತದೆ.

ಹಾರಂಗಿಯ ಹಿನ್ನೀರಿನಲ್ಲಿ ಬಳಸುವವರು ಒಂದು ವಿಷಯವನ್ನು ಗಮನಿಸಬೇಕು. ಜಲಾಶಯದ ಗರಿಷ್ಠ ಮಟ್ಟ 2859 ಅಡಿ, ಮತ್ತು ಪ್ರತಿದಿನದ ಮಟ್ಟ ಪತ್ರಿಕೆಗಳಲ್ಲಿ ಬರುತ್ತದೆ. ನೀವು ಆಳವನ್ನು ಬರೆದಿಟ್ಟ ದಿನಕ್ಕಿಂತ ಮಟ್ಟ 20 ಅಡಿ ಇಳಿದಿದ್ದರೆ, ಅದೇ ಜಾಗದಲ್ಲಿ ಯಂತ್ರವೂ 20 ಅಡಿ ಕಡಿಮೆ ತೋರಿಸಲೇಬೇಕು, ಅದು ಯಂತ್ರದ ತಪ್ಪಲ್ಲ. ಹಾಗೆ ಇಳಿಯದಿದ್ದರೆ ಮಾತ್ರ ಅನುಮಾನ ಪಡಿ.

ಹಿನ್ನೀರಿನ ಕೆಲವು ಕಡೆ ತಳ ಮಸುಕಾದ ದಪ್ಪ ಪಟ್ಟಿಯಂತೆ ಕಾಣುತ್ತದೆ. ಮೊದಲು ಸ್ಪಷ್ಟವಾಗಿತ್ತು.

ತಳವೇ ಬದಲಾಗಿರುವ ಸಾಧ್ಯತೆ ಹೆಚ್ಚು. 2018ರ ಆಗಸ್ಟ್‌ನ ಭೂಕುಸಿತ ಮತ್ತು ಪ್ರವಾಹದಲ್ಲಿ ಬೆಟ್ಟಗಳಿಂದ ಜಾರಿದ ಮಣ್ಣು ಹೊಳೆಗಳ ಮೂಲಕ ಹಾರಂಗಿ ಜಲಾಶಯಕ್ಕೂ ಬಂದು ಹೂಳಾಗಿ ನಿಂತಿದ್ದನ್ನು ನಾವೆಲ್ಲರೂ ಬಲ್ಲೆವು. ಬಂಡೆ ಮತ್ತು ಜಲ್ಲಿ ಶಬ್ದವನ್ನು ಗಟ್ಟಿಯಾಗಿ ಹಿಂತಿರುಗಿಸಿದರೆ, ಮೆತ್ತಗಿನ ಕೆಸರು ಅದರಲ್ಲಿ ಬಹಳಷ್ಟನ್ನು ನುಂಗಿ, ಉಳಿದದ್ದನ್ನು ಕ್ಷೀಣವಾಗಿ ಕಳಿಸುತ್ತದೆ. ಎರಡು ಫ್ರೀಕ್ವೆನ್ಸಿಯ ಯಂತ್ರವಿದ್ದರೆ ಎರಡರಲ್ಲೂ ನೋಡಿ: 200 ಕಿಲೋಹರ್ಟ್ಸ್‌ನಲ್ಲಿ ಶಬ್ದದ ಅಲೆಯುದ್ದ ಕೇವಲ 7 ಮಿಲಿಮೀಟರ್‌ನಷ್ಟಿರುವುದರಿಂದ ಅದು ಕೆಸರಿನ ಮೇಲ್ಪದರದಲ್ಲಿಯೇ ಮರಳಿದರೆ, 83 ಅಥವಾ 50 ಕಿಲೋಹರ್ಟ್ಸ್‌ನ ಶಬ್ದ ಸ್ವಲ್ಪ ಒಳಹೊಕ್ಕು ಅಡಿಯ ಗಟ್ಟಿ ನೆಲದಿಂದಲೂ ಪ್ರತಿಧ್ವನಿ ತರಬಹುದು. ಎರಡರ ಆಳ ಬೇರೆ ಬೇರೆ ಬಂದರೆ ನೀವು ಹೂಳಿನ ಮೇಲೆ ನಿಂತಿದ್ದೀರಿ ಎಂದು ಊಹಿಸಬಹುದು. ಇದನ್ನು ಯಂತ್ರ ಕೊಡುತ್ತಿರುವ ಉಪಯುಕ್ತ ಮಾಹಿತಿ ಎಂದೇ ನಾನು ತಿಳಿಯುತ್ತೇನೆ.

ಪರದೆ ತುಂಬ ಚುಕ್ಕೆಗಳು, ಗೆರೆಗಳು. ಏನೂ ತಿಳಿಯುವುದಿಲ್ಲ.

ಸೆನ್ಸಿಟಿವಿಟಿಯನ್ನು ಕೊನೆಯವರೆಗೆ ಏರಿಸಿಟ್ಟಿದ್ದರೆ ಮೊದಲು ಆಟೋಗೆ ತನ್ನಿ. ಆಮೇಲೆ ದೋಣಿಯಲ್ಲಿರುವ ವಿದ್ಯುತ್ ಉಪಕರಣಗಳನ್ನು ಒಂದೊಂದಾಗಿ ಆರಿಸುತ್ತ ಬನ್ನಿ. ಯಾವುದು ಆರಿದಾಗ ಚುಕ್ಕೆಗಳು ಮಾಯವಾಗುತ್ತವೆಯೋ ಅದೇ ಕಾರಣ. ಬ್ಯಾಟರಿಯಿಂದ ನಡೆಯುವ ಮೋಟಾರಿನ ವೈರಿನ ಪಕ್ಕದಲ್ಲಿಯೇ ಟ್ರಾನ್ಸ್‌ಡ್ಯೂಸರಿನ ಕೇಬಲ್ ಹಾಯ್ದಿದ್ದರೆ ಎರಡನ್ನೂ ದೂರ ಮಾಡಿ, ದಾಟಲೇಬೇಕಾದ ಕಡೆ ಅಡ್ಡಡ್ಡವಾಗಿ ದಾಟಿಸಿ. ಪಕ್ಕದ ದೋಣಿಯಲ್ಲಿ ಅದೇ ಫ್ರೀಕ್ವೆನ್ಸಿಯ ಫಿಶ್ ಫೈಂಡರ್ ಇದ್ದರೂ ಪರದೆಯ ಮೇಲೆ ಓರೆ ಗೆರೆಗಳು ಬೀಳುತ್ತವೆ.

ತೋಟದ ಕೆರೆಯ ಮಾತೇ ಬೇರೆ. ಫೆಬ್ರವರಿ, ಮಾರ್ಚ್‌ನಲ್ಲಿ ಕಾಫಿ ಹೂವಿಗಾಗಿ ಸ್ಪ್ರಿಂಕ್ಲರ್ ನಡೆಯುವ ದಿನಗಳಲ್ಲಿ ಕೆರೆಯ ದಡದ ಪಂಪ್ ಎಡೆಬಿಡದೆ ಓಡುತ್ತಿರುತ್ತದೆ. ಅದರ ಕಂಪನ ನೀರಿಗೂ ಇಳಿಯುತ್ತದೆ, ಪೈಪಿನ ಸೋರಿಕೆಯಿಂದ ನೀರು ಮರಳಿ ಬೀಳುವ ಕಡೆ ಗುಳ್ಳೆಗಳೂ ಏಳುತ್ತವೆ, ನೀರು ಇಳಿದಂತೆಲ್ಲ ಕೊಳೆತ ಎಲೆಗಳ ತಳದಿಂದ ಅನಿಲದ ಗುಳ್ಳೆಗಳೂ ಮೇಲೇಳುತ್ತವೆ. ಕೆಳಗಿನಿಂದ ಓರೆಯಾಗಿ ಮೇಲಕ್ಕೇರುವ ಸಣ್ಣ ಗೆರೆಗಳು ಕಂಡರೆ ಅವು ಈ ಗುಳ್ಳೆಗಳೇ. ಪಂಪ್ ನಿಂತ ಸಂಜೆಯಲ್ಲಿ ಮತ್ತೊಮ್ಮೆ ನೋಡಿ, ಆಮೇಲೆ ತೀರ್ಮಾನಿಸಿ.

ಪರದೆಯ ಮೇಲೆ ಮೀನಿನ ಚಿತ್ರಗಳು ಬರುತ್ತಲೇ ಇವೆ, ಗಾಳಕ್ಕೆ ಒಂದೂ ಬೀಳುವುದಿಲ್ಲ. ಯಂತ್ರ ಸುಳ್ಳು ಹೇಳುತ್ತಿದೆಯೇ?

ಯಂತ್ರ ಊಹಿಸುತ್ತಿದೆ. ನೀರಿನ ನಡುವೆ ತೇಲುವ ಯಾವುದೇ ಪ್ರತಿಧ್ವನಿಗೆ ಮೀನಿನ ಚಿತ್ರ ಅಂಟಿಸುವ ಈ ಸೌಲಭ್ಯಕ್ಕೆ ಎಲೆ, ಗುಳ್ಳೆ, ಜಲಾಶಯದಲ್ಲಿ ಮುಳುಗಿದ ಮರದ ಕೊಂಬೆ, ಎಲ್ಲವೂ ಮೀನೇ. ಅದನ್ನು ಆರಿಸಿ, ಮೂಲ ಪ್ರತಿಧ್ವನಿಯನ್ನೇ ಓದಲು ಕಲಿಯಬೇಕೆಂಬುದು ನನ್ನ ದೃಢವಾದ ಸಲಹೆ. ಶಬ್ದವು ಶಂಕುವಿನ ಆಕಾರದಲ್ಲಿ ಕೆಳಗಿಳಿಯುತ್ತದೆ. ಮೀನು ಆ ಶಂಕುವಿನ ಅಂಚಿನಲ್ಲಿದ್ದಾಗ ದೂರ ಹೆಚ್ಚು, ನಡುವಿಗೆ ಬಂದಾಗ ಕಡಿಮೆ, ಮತ್ತೆ ಅಂಚಿಗೆ ಹೋದಾಗ ಹೆಚ್ಚು. ಹೀಗಾಗಿ ಅದು ಬಿಲ್ಲಿನಂತೆ ಬಾಗಿದ ಗೆರೆಯಾಗಿ ಮೂಡುತ್ತದೆ. ದೋಣಿಯೂ ಮೀನೂ ಅಲುಗದೆ ನಿಂತರೆ ಬಿಲ್ಲು ಮೂಡದೆ ಉದ್ದನೆಯ ನೇರ ಗೆರೆ ಬರುತ್ತದೆ, ಶಂಕುವಿನ ಅಂಚನ್ನಷ್ಟೇ ಸವರಿ ಹೋದರೆ ಅರ್ಧ ಬಿಲ್ಲು. ಉದ್ದ ಗೆರೆ ಕಂಡ ಕೂಡಲೇ ದೊಡ್ಡ ಮೀನು ಎಂದುಕೊಳ್ಳಬಾರದು. ಗೆರೆಯ ಉದ್ದ ಮೀನು ಅಲ್ಲಿದ್ದ ಹೊತ್ತನ್ನು ಹೇಳುತ್ತದೆ, ಅದರ ದಪ್ಪ ಮತ್ತು ಬಣ್ಣದ ಗಾಢತೆಯೇ ಪ್ರತಿಧ್ವನಿಯ ಬಲವನ್ನು ಹೇಳುತ್ತವೆ.

ಕಣ್ಣೆದುರು ಮೀನು ಮಗುಚುತ್ತಿದೆ, ಯಂತ್ರ ಮಾತ್ರ ಏನೂ ತೋರಿಸುವುದಿಲ್ಲ.

20 ಡಿಗ್ರಿಯ ಶಂಕು ತಳದಲ್ಲಿ ಆವರಿಸುವ ವೃತ್ತದ ಅಗಲ ಆಳದ ಮೂರನೇ ಒಂದು ಪಾಲಿಗಿಂತ ತುಸುವೇ ಹೆಚ್ಚು. 3 ಮೀಟರ್ ಆಳದ ಕೆರೆಯಲ್ಲಿ ನೀವು ನೋಡುತ್ತಿರುವುದು ಒಂದು ಮೀಟರ್ ಅಗಲದ ವೃತ್ತವನ್ನು ಮಾತ್ರ. 60 ಡಿಗ್ರಿಯ ಶಂಕುವಿನಲ್ಲಿ ಅದೇ ಆಳಕ್ಕೆ ಸುಮಾರು ಮೂರೂವರೆ ಮೀಟರ್ ಸಿಗುವುದರಿಂದ, ಆಳ ಕಡಿಮೆಯಿರುವ ಕಡೆ ಅಗಲ ಶಂಕುವನ್ನೇ ಆರಿಸಿಕೊಳ್ಳಿ. ಮೇಲ್ಮೈಗೆ ಅಂಟಿದ ನೀರಿನಲ್ಲಿ ಯಂತ್ರಕ್ಕೆ ಕಾಣುವುದಿಲ್ಲ, ಇಳಿಜಾರಿನ ತಳಕ್ಕೆ ಒತ್ತಿಕೊಂಡು ನಿಂತ ಮೀನೂ ತಳದ ಪ್ರತಿಧ್ವನಿಯಲ್ಲಿ ಕರಗಿಹೋಗುತ್ತದೆ. ಬರಪೊಳೆಯಂತಹ ಹೊಳೆಗಳಲ್ಲಿ ನೀರು ನೊರೆಗಟ್ಟಿ ಹರಿಯುವ ಕಡೆ ಯಾವ ಫಿಶ್ ಫೈಂಡರೂ ಕೆಲಸಕ್ಕೆ ಬಾರದು, ಆ ನೊರೆಯೆಲ್ಲ ಗಾಳಿಯೇ ತಾನೆ.

ಕಾವೇರಿಯ ಮಡುವಿನಲ್ಲಿ ಕಂಡ ಮೀನು ಮಹಶೀರೋ, ಕಾಟ್ಲಾವೋ ಎಂದು ಯಂತ್ರದಿಂದ ತಿಳಿಯುತ್ತದೆಯೇ?

ಇಲ್ಲ, ಮತ್ತು ಇದನ್ನು ದೋಷವೆಂದು ತಿಳಿಯಬಾರದು. ಕಾವೇರಿಯ ಗೂನು ಬೆನ್ನಿನ ಮಹಶೀರ್ ಅಳಿವಿನ ತೀವ್ರ ಅಪಾಯದಲ್ಲಿದೆ ಎಂದು ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ (ಐಯುಸಿಎನ್) 2018ರಲ್ಲಿ ಪಟ್ಟಿ ಮಾಡಿರುವುದರಿಂದ, ಪರದೆಯ ಮೇಲೆ ದೊಡ್ಡ ಬಿಲ್ಲು ಕಂಡಾಗ ಅದು ಮಹಶೀರ್ ಆಗಿರಬಹುದೆಂದೇ ಭಾವಿಸಿ, ಮುಳ್ಳಿಲ್ಲದ ಗಾಳ ಬಳಸಿ, ಹಿಡಿದರೆ ನೀರಿನಲ್ಲಿಯೇ ಬಿಡಿಸಿ ಬಿಟ್ಟುಬಿಡಬೇಕು.

ಎಸೆಯುವ ಬಗೆಯ, ಫೋನಿಗೆ ಸೇರುವ ಫೈಂಡರ್ ಪದೇ ಪದೇ ಸಂಪರ್ಕ ಕಳೆದುಕೊಳ್ಳುತ್ತದೆ.

ನೀರಿಗೆ ಎಸೆಯುವ ಚೆಂಡಿನಂಥ ಈ ಫೈಂಡರುಗಳಲ್ಲಿ ಹೆಚ್ಚಿನವು ತಮ್ಮ ಲೋಹದ ಬಿಂದುಗಳಿಗೆ ನೀರು ತಾಗಿದಾಗ ಮಾತ್ರ ಆನ್ ಆಗುತ್ತವೆ, ಆದ್ದರಿಂದ ಆ ಬಿಂದುಗಳು ಸ್ವಚ್ಛವಾಗಿರಬೇಕು. ವೈ-ಫೈ ಬಗೆಯದಾಗಿದ್ದರೆ, ಅದರಲ್ಲಿ ಇಂಟರ್‌ನೆಟ್ ಇಲ್ಲವೆಂದು ಕಂಡ ಫೋನು ತಾನಾಗಿಯೇ ಮೊಬೈಲ್ ಡೇಟಾಕ್ಕೆ ಹಾರುತ್ತದೆ. ಗಾಳ ಹಾಕುವಷ್ಟು ಹೊತ್ತು ಡೇಟಾವನ್ನು ಆರಿಸಿಡಿ. ಆ್ಯಪ್‌ಗೆ ಲೊಕೇಶನ್ ಅನುಮತಿ ಕೊಡದಿದ್ದರೂ ಅನೇಕ ಫೋನುಗಳು ಫೈಂಡರನ್ನು ಹುಡುಕುವುದಿಲ್ಲ. ರೇಡಿಯೋ ಅಲೆಗಳು ನೀರಿನೊಳಗೆ ಹೆಚ್ಚು ದೂರ ಹೋಗಲಾರವು, ಹಾಗಾಗಿ ಚೆಂಡನ್ನು ರಭಸದಿಂದ ಎಳೆದು ಮುಳುಗಿಸಿದರೆ ಸಂಪರ್ಕ ಕಡಿಯುತ್ತದೆ. ದಡದಲ್ಲಿ ಕುಕ್ಕರಗಾಲಿನಲ್ಲಿ ಕೂರುವ ಬದಲು ಎದ್ದು ನಿಂತು ಫೋನನ್ನು ಎತ್ತರದಲ್ಲಿ ಹಿಡಿದರೆ ದೂರ ಹೆಚ್ಚುತ್ತದೆ.

ಬಿಸಿಲಿನಲ್ಲಿ ಪರದೆ ಪೂರ್ತಿ ಕಪ್ಪಾಗಿ ಕಾಣುತ್ತದೆ.

ಪೋಲರೈಸ್ಡ್ ಕನ್ನಡಕ ಹಾಕಿದ್ದರೆ ತೆಗೆದು ನೋಡಿ, ಅಥವಾ ತಲೆಯನ್ನು ಪಕ್ಕಕ್ಕೆ ವಾಲಿಸಿ ನೋಡಿ. ಚಿತ್ರ ಕಂಡರೆ ಯಂತ್ರ ಸರಿಯಿದೆ.

ಮಳೆಗಾಲದಲ್ಲಿ ಯಂತ್ರವನ್ನು ಹೇಗೆ ಇಡಬೇಕು?

ಹೊಳೆಯಲ್ಲಿ ಕೆಂಪು ನೀರು ತುಂಬಿ ಹರಿಯುವಾಗ ಯಂತ್ರಕ್ಕೂ ಕೆಲಸವಿಲ್ಲ, ನಮಗೂ ಅಲ್ಲಿ ಕೆಲಸವಿರಬಾರದು. ಕಕ್ಕಡದ (ಜುಲೈ-ಆಗಸ್ಟ್‌ನಲ್ಲಿ ಬರುವ ಕೊಡವ ತಿಂಗಳು) ಮಳೆಗೆ ಮೊದಲೇ ಯಂತ್ರವನ್ನೂ ಕೇಬಲನ್ನೂ ಒರೆಸಿ ಒಣಗಿಸಿ, ಪಿನ್‌ಗಳಿಗೆ ತೇವ ತಡೆಯುವ ಡೈಎಲೆಕ್ಟ್ರಿಕ್ ಗ್ರೀಸನ್ನು ತೆಳುವಾಗಿ ಸವರಿ, ಬಿಗಿಯಾದ ಡಬ್ಬದಲ್ಲಿ ಸಿಲಿಕಾ ಜೆಲ್ ಚೀಲಗಳ ಜೊತೆ ಇಡಿ. ಬೆಚ್ಚಗಿರಲೆಂದು ಒಲೆಯ ಮೇಲಿನ ಅಟ್ಟದಲ್ಲಿ ಇಡುವವರನ್ನು ಕಂಡಿದ್ದೇನೆ. ಅಲ್ಲಿನ ಹೊಗೆ ಮತ್ತು ಶಾಖ ಎರಡೂ ಪರದೆಗೆ ಒಳ್ಳೆಯದಲ್ಲ. ಸೀಸದ ಬ್ಯಾಟರಿಯನ್ನು ತಿಂಗಳಿಗೊಮ್ಮೆ ಪೂರ್ತಿ ಚಾರ್ಜ್ ಮಾಡಬೇಕು, ಖಾಲಿಯಾಗಿ ಬಿಟ್ಟರೆ ಅದು ಮತ್ತೆ ಚೇತರಿಸಿಕೊಳ್ಳುವುದು ಕಷ್ಟ. ಲಿಥಿಯಂ ಬ್ಯಾಟರಿಯನ್ನು ಅರ್ಧ ಚಾರ್ಜಿನಲ್ಲಿ ಇಡುವುದು ಉತ್ತಮ. ಸೆಪ್ಟೆಂಬರ್ ಆರಂಭದ ಕೊಡವ ಹಬ್ಬ ಕೈಲ್‌ಪೊಳ್ದ್ ಕಳೆದು ಹೊರತೆಗೆದಾಗ ಗಾಜಿನ ಒಳಗೆ ಮಂಜು ಕಂಡರೆ ಹೊರಕವಚದ ಸೀಲ್ ಬಿಟ್ಟಿದೆ. ಅದನ್ನು ಆನ್ ಮಾಡಬೇಡಿ, ಬಿಸಿಲಿಗೂ ಒಡ್ಡಬೇಡಿ, ನೇರವಾಗಿ ರಿಪೇರಿಗೆ ಕೊಡಿ.

ರಿಪೇರಿಗೆ ಯಾವಾಗ ಕಳುಹಿಸಬೇಕು?

ಕನೆಕ್ಟರಿನಲ್ಲಿ ಸರಿಯಾದ ವೋಲ್ಟೇಜ್ ಬಂದರೂ ಆನ್ ಆಗದಿದ್ದರೆ, ಬೇರೆ ಟ್ರಾನ್ಸ್‌ಡ್ಯೂಸರ್ ಜೋಡಿಸಿದರೂ ತಳ ಸಿಗದಿದ್ದರೆ, ಅಥವಾ ಒಳಗೆ ನೀರು ಹೋಗಿದ್ದರೆ. ಅದಕ್ಕೂ ಮೊದಲು ಉಳಿಸಿಟ್ಟ ಗುರುತುಗಳನ್ನು ಮೆಮೊರಿ ಕಾರ್ಡಿಗೆ ನಕಲಿಸಿ, ಸಾಫ್ಟ್‌ವೇರ್ ಹೊಸದಾಗಿದೆಯೇ ಎಂದು ನೋಡಿ, ಒಮ್ಮೆ ಫ್ಯಾಕ್ಟರಿ ರೀಸೆಟ್ ಮಾಡಿ. ಹೊರಕವಚವನ್ನು ನೀವೇ ಬಿಚ್ಚಿದರೆ ಸೀಲ್ ಹೋಗುತ್ತದೆ, ಸಾಮಾನ್ಯವಾಗಿ ವಾರಂಟಿಯೂ ಹೋಗುತ್ತದೆ. ಕಳುಹಿಸುವಾಗ ಯಂತ್ರದ ಜೊತೆ ಟ್ರಾನ್ಸ್‌ಡ್ಯೂಸರನ್ನೂ ಪವರ್ ಕೇಬಲನ್ನೂ ಸೇರಿಸಿ, ಒಂದು ಹಾಳೆಯ ಮೇಲೆ ಅಳೆದ ವೋಲ್ಟೇಜ್, ಪರೀಕ್ಷಿಸಿದ ಜಾಗದ ಆಳ, ತೊಂದರೆ ಶುರುವಾದ ಸಂದರ್ಭ, ಇಷ್ಟನ್ನು ಬರೆದು ಇಡಿ. ತೊಂದರೆ ಕಾಣುವಾಗ ಪರದೆಯ ಫೋಟೋ ತೆಗೆದಿದ್ದರೆ ಅದನ್ನೂ ಕಳುಹಿಸಿ.